ಹೆಂಗಸರ ಗೇಟಿನ ಅಕ್ಕ

ಹೋದ ತಿಂಗಳು ಮತ್ತೋಡಿನ ಕಡೆಯಿಂದ ಒಂದು ಫೋನ್ ಬಂತು. ಗುರುತಿಲ್ಲದ ಗಂಡು ದನಿ.

"ದುರ್ಗದ ಟೀಚರಮ್ಮ ಅಲ್ಲೇನ್ರಿ? ನಮ್ಮ ಅತ್ತೆ ತೀರ್ಕಂಡ್ರು. ಹನ್ನೊಂದು ದಿನ ಆತು. ಅವ್ರ ಟ್ರಂಕಿನಾಗೆ ಒಂದು ಚೀಟೀಲಿ ನಿಮ್ಮ ನಂಬರ್ ಇತ್ತು. ಅದಕ್ಕೆ ಹೇಳಾನ ಅಂತ ಮಾಡಿದೆ."

ಏನಾಗಿತ್ತು ಎಂದು ಕೇಳಿದೆ. "ಏನಿಲ್ಲ, ವಯಸ್ಸಾಗಿತ್ತಲ್ಲ" ಅಂದ. ಅವನಿಗೆ ಹೇಳಲು ಇನ್ನೇನೂ ಇರಲಿಲ್ಲ. ನನಗೆ ಕೇಳುವುದಿತ್ತು, ಆದರೆ ಅದು ಅವನನ್ನು ಕೇಳುವಂಥದ್ದಲ್ಲ. ಫೋನ್ ಇಟ್ಟೆ. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ಯಾರು ಸತ್ತರೆಂದು ಹೇಳಬೇಕಿತ್ತೋ ಗೊತ್ತಿಲ್ಲ. ನೆಂಟರಲ್ಲ, ನೆರೆಯವರಲ್ಲ, ಜೊತೆಗೆ ಕೆಲಸ ಮಾಡಿದವರೂ ಅಲ್ಲ.

ಚಿತ್ರದುರ್ಗದ ಪೇಟೆಯ ಹಳೇ ಟಾಕೀಸಿಗೆ ಹೋಗಿಬಂದ ನನ್ನ ವಯಸ್ಸಿನ ಹೆಂಗಸರಿಗೆಲ್ಲ ಅವರ ಗುರುತಿದೆ. ಹೆಂಗಸರ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದರಿಂದ ಎಲ್ಲರ ಬಾಯಲ್ಲೂ ಅವರು ಗೇಟಕ್ಕ. ಹೆಸರು ಯಾರೂ ಕೇಳಿದ್ದಿಲ್ಲ. ನನಗೆ ಗೊತ್ತಿತ್ತು, ಒಂದು ಸಲ ನನ್ನ ಕೈಯಾರೆ ಬರೆದಿದ್ದೆ. ಅದನ್ನು ಇಲ್ಲಿ ಇನ್ನೊಮ್ಮೆ ಬರೆಯುವ ಹಕ್ಕು ನನಗಿದೆ ಅನ್ನಿಸುವುದಿಲ್ಲ.

ಆ ಟಾಕೀಸು ಹುಟ್ಟಿನಿಂದ ಟಾಕೀಸಾಗಿರಲಿಲ್ಲ. ನಾಟಕ ಕಂಪನಿಗಳು ಬಂದು ತಿಂಗಳುಗಟ್ಟಲೆ ಬೀಡುಬಿಡುತ್ತಿದ್ದ ತಗಡಿನ ಶೆಡ್ಡು ಅದು. ಸಿನಿಮಾ ಬಂದ ಮೇಲೆ ಊರಿನ ವ್ಯಾಪಾರಸ್ಥರೊಬ್ಬರು ಕೊಂಡು, ಸುತ್ತ ಕಲ್ಲಿನ ಗೋಡೆ ಎಬ್ಬಿಸಿ, ಎದುರಿಗೆ ಬಿಳಿ ಪರದೆ ಕಟ್ಟಿಸಿದರಂತೆ. ಪರದೆಯ ಹಿಂದೆ ನಾಟಕದವರ ಹಲಗೆಯ ರಂಗ ಕೊನೆಯವರೆಗೂ ಹಾಗೇ ಇತ್ತು. ಒಂದು ಮಧ್ಯಾಹ್ನ ಗೇಟಕ್ಕ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿದ್ದರು. ಅಂಕದ ಪರದೆ ಎಳೆಯುತ್ತಿದ್ದ ರಾಟೆಗಳು, ಬಣ್ಣ ಹಚ್ಚಿಕೊಳ್ಳುವ ಕೋಣೆಯ ಗೋಡೆಯಲ್ಲಿ ಅರ್ಧ ಉಳಿದ ಕನ್ನಡಿ, ಮೂಲೆಯಲ್ಲಿ ರಟ್ಟಿನ ಒಂದು ಗದೆ. "ಇಲಿ ತಿಂದ್ರೂ ಇಷ್ಟು ಉಳದೈತೆ ನೋಡ್ರಿ" ಎಂದು ಗದೆಯನ್ನು ಎತ್ತಿ, ಧೂಳು ಒರೆಸಿ, ಇದ್ದ ಜಾಗದಲ್ಲೇ ಇಟ್ಟಿದ್ದರು.

ಹೆಂಗಸರಿಗೆ ಬೇರೆಯೇ ಬಾಗಿಲು, ಪಕ್ಕದ ಓಣಿಯಿಂದ. ಮುಂದಿನ ರಸ್ತೆಯಲ್ಲಿ ಗಂಡಸರ ನೂಕುನುಗ್ಗಲಿನ ನಡುವೆ ನಿಲ್ಲಬಾರದೆಂದು ಟಾಕೀಸಿನ ಯಜಮಾನರ ತಾಯಿ ಹಟ ಹಿಡಿದು ಮಾಡಿಸಿದ್ದಂತೆ. ಒಳಗೂ ಎದೆಮಟ್ಟದ ಅಡ್ಡಗೋಡೆ, ಅದರ ಮೇಲೆ ಬಟ್ಟೆ. ದೀಪ ಆರಿದ ಮೇಲೆ ಬಟ್ಟೆ ಸರಿಸುವುದು, ಇಂಟರ್‌ವಲ್ಲಿಗೆ ಮತ್ತೆ ಎಳೆಯುವುದು. ಆ ಬಟ್ಟೆ ಎಳೆಯುವುದಕ್ಕೇ ಗೇಟಕ್ಕನನ್ನು ಇಟ್ಟುಕೊಂಡದ್ದು. ನಾನು ಹೊಳಲ್ಕೆರೆಯಿಂದ ವರ್ಗವಾಗಿ ದುರ್ಗದ ಶಾಲೆಗೆ ಬರುವ ಹೊತ್ತಿಗೆ ಅಡ್ಡಗೋಡೆ ಹೋಗಿತ್ತು, ಬಾಗಿಲು ಉಳಿದಿತ್ತು. ಬಾಗಿಲ ಪಕ್ಕದ ಮರದ ಸ್ಟೂಲಿನ ಮೇಲೆ ಅವರೂ ಉಳಿದಿದ್ದರು.

ಕುರಿ ಕಾಯುವ ಮನೆಯವರು. ತವರು ಮತ್ತೋಡಿನ ಹತ್ತಿರದ ಒಂದು ಹಟ್ಟಿ, ಕೊಟ್ಟದ್ದು ಜವನಗೊಂಡನಹಳ್ಳಿ ಕಡೆಗೆ. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕರೆತಂದ. ಆರು ತಿಂಗಳು ಅವಳಿಗೂ ಅಡುಗೆ ಮಾಡಿ ಹಾಕಿ, ಒಂದು ದಿನ ಬಸ್ಸು ಹತ್ತಿ ದುರ್ಗಕ್ಕೆ ಬಂದರಂತೆ. ಇದನ್ನು ಅವರು ಒಟ್ಟು ಎರಡು ಮಾತಿನಲ್ಲಿ ಹೇಳಿದ್ದರು. "ಆಕೀದೇನು ತೆಪ್ಪು. ನನ್ಗೇ ಅಲ್ಲಿ ಕೆಲ್ಸ ಇರ್ಲಿಲ್ಲ." ಬಾಲ್ಕನಿಯ ಮೆಟ್ಟಿಲ ಕೆಳಗಿನ ಕೋಣೆಯೇ ಅವರ ಮನೆ. ಒಂದು ಟ್ರಂಕು, ಒಂದು ಸೀಮೆಎಣ್ಣೆ ಸ್ಟೌ, ಗೋಡೆಗೆ ಒಂದು ಕಂಬಳಿ. ಆಟ ಬಿಟ್ಟಾಗ ತಲೆಯ ಮೇಲೆ ನೂರಾರು ಕಾಲು ಇಳಿಯುವ ಸದ್ದು ಕೇಳುತ್ತಿತ್ತು.

ಅವರ ಕೆಲಸ ಟಿಕೆಟ್ ಹರಿಯುವುದು, ಕತ್ತಲಲ್ಲಿ ಬ್ಯಾಟರಿ ಹಿಡಿದು ಕೂರಿಸುವುದು. ಆದರೆ ಹೆಂಗಸರು ಅವರನ್ನು ನೆನೆಸುವುದು ಇನ್ನೊಂದು ಕೆಲಸಕ್ಕೆ. ಒಳಗೆ ಯಾರ ಕೂಸಾದರೂ ಅಳತೊಡಗಿದರೆ ಎರಡು ನಿಮಿಷ ನೋಡುತ್ತಿದ್ದರು. ಆಮೇಲೆ ಕತ್ತಲಲ್ಲಿ ಬಗ್ಗಿಕೊಂಡು ಆ ಸಾಲಿಗೆ ಹೋಗಿ, ಕೈ ಚಾಚಿ, "ಕೊಡ್ರಿ ಇತ್ಲಾಗೆ, ನೀವು ನೋಡ್ರಿ" ಎಂದು ಎತ್ತಿಕೊಂಡು ಹೊರಗೆ ಬಂದುಬಿಡುತ್ತಿದ್ದರು. ಓಣಿಯ ಕಟ್ಟೆಯ ಮೇಲೆ ಕೂಸನ್ನು ಹೆಗಲಿಗೆ ಒರಗಿಸಿಕೊಂಡು ಓಡಾಡುತ್ತ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಟ್ರುಟ್ರು ಎಂದು ಸದ್ದು ಮಾಡುತ್ತಿದ್ದರು. ಕುರಿಮರಿಗಳನ್ನು ಕರೆಯುವ ಸದ್ದಂತೆ ಅದು. ಕೂಸುಗಳು ಬೆರಗಾಗಿ ಅಳು ನಿಲ್ಲಿಸುತ್ತಿದ್ದವು. ಕೆಲವು ಭಾನುವಾರ ಎರಡೂ ಹೆಗಲ ಮೇಲೆ ಒಂದೊಂದು ಇರುತ್ತಿತ್ತು.

ಹೀಗಾಗಿ ಇಪ್ಪತ್ತೈದು ಮೂವತ್ತು ವರ್ಷ ಟಾಕೀಸಿನಲ್ಲಿದ್ದೂ ಅವರು ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ. ಬಾಗಿಲ ಹೊರಗಿನಿಂದ ಕೇಳಿಸಿಕೊಂಡದ್ದೇ ಅವರ ಸಿನಿಮಾ. ಬಂದವರು ಹೇಗಿದೆ ಅಂದರೆ ಅವರದೇ ಅಳತೆಯಲ್ಲಿ ಹೇಳುತ್ತಿದ್ದರು. "ಇದು ಬ್ಯಾಡ, ಫೈಟಿಂಗ್ ಬಾಳ, ಕೂಸು ಬೆಚ್ಚಿಬೀಳ್ತವೆ." ಇಲ್ಲವೆ, "ಇದು ಚಲೋ ಐತೆ, ಮೊನ್ನೆಯಿಂದ ಒಂದೂ ಎದ್ದಿಲ್ಲ." ಕಥೆಯನ್ನು ಮಾತ್ರ ತಮಗೆ ಬೇಕಾದಂತೆ ಕಟ್ಟಿಕೊಂಡಿರುತ್ತಿದ್ದರು. ಒಂದು ಸಿನಿಮಾದಲ್ಲಿ ನಾಯಕಿ ಸತ್ತೇ ಹೋಗಿದ್ದಳು. ಅಳುವ ಸದ್ದು ಕೇಳಿ ಇವರು ಅತ್ತೆ ಸತ್ತಳೆಂದು ತಿಳಿದು, ಎಲ್ಲರಿಗೂ "ಕೊನೀಗೆ ಆ ಹುಡುಗಿ ಸುಖವಾಗಿರ್ತಾಳೆ" ಎಂದು ಹೇಳಿ ಕಳಿಸುತ್ತಿದ್ದರು. ಆಟ ಬಿಟ್ಟ ಮೇಲೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತ ಬಂದು ಜಗಳ ತೆಗೆದರೆ, "ನೀವು ಸರ್ಯಾಗಿ ನೋಡಿಲ್ಲ" ಎನ್ನುತ್ತಿದ್ದರು.

ನನ್ನ ಮಗನನ್ನೂ ಅವರು ಎತ್ತಿಕೊಂಡಿದ್ದಾರೆ. ಹಲ್ಲು ಬರುವ ಕಾಲ, ಹಗಲಿಡೀ ಕಿರಿಕಿರಿ, ಮನೆಯಲ್ಲಿ ಹಿಡಿಯುವವರಿಲ್ಲ. ಭಾನುವಾರದ ಮ್ಯಾಟ್ನಿಯಲ್ಲಿ ಅವನನ್ನು ಅವರ ಹೆಗಲಿಗೆ ಹಾಕಿ, ಎರಡೂವರೆ ಗಂಟೆ ನಾನೊಬ್ಬಳೇ ಕೂರುತ್ತಿದ್ದೆ. ಸಿನಿಮಾ ನೋಡುತ್ತಿದ್ದೆ ಅನ್ನುವುದಕ್ಕಿಂತ, ಯಾರೂ ನನ್ನನ್ನು ಮುಟ್ಟದೆ ಕೂತಿರುತ್ತಿದ್ದೆ ಎಂದರೆ ಸರಿ. ಆ ಉಪಕಾರ ಎಷ್ಟು ದೊಡ್ಡದೆಂದು ಎಳೆಕೂಸಿನ ತಾಯಂದಿರಿಗೆ ಗೊತ್ತು.

ನನ್ನ ಮಗ ಶಾಲೆಗೆ ಸೇರಿದ ವರ್ಷ ನಡೆದದ್ದನ್ನು ಈಗ ಹೇಳಬೇಕು.

ಅವತ್ತೂ ಭಾನುವಾರ, ಮ್ಯಾಟ್ನಿ. ಹೊಸದುರ್ಗ, ಹಿರಿಯೂರು ಕಡೆಯಿಂದ ದೊಡ್ಡಾಸ್ಪತ್ರೆಗೋ ಸಂತೆಗೋ ಬಂದ ಹೆಂಗಸರು ಮ್ಯಾಟ್ನಿ ನೋಡಿಕೊಂಡು ಸಂಜೆಯ ಬಸ್ಸಿಗೆ ಊರಿಗೆ ಹೋಗುವುದು ರೂಢಿ. ಹಾಗೆ ಬಂದವಳೆಂದೇ ಎಲ್ಲರೂ ತಿಳಿದ, ಇಪ್ಪತ್ತು ದಾಟಿರದ ಒಬ್ಬಳು, ಕೂಸು ಅಳದೇ ಇದ್ದರೂ ಬಾಗಿಲಲ್ಲೇ ಅದನ್ನು ಗೇಟಕ್ಕನ ಕೈಗೆ ಕೊಟ್ಟಳು. "ಒಂದೀಟು ಹಿಡ್ಕಳ್ರಿ. ಚೀಲದಾಗೆ ಹಾಲೈತೆ" ಅಂದಳು. ನಾನು ಅವಳ ಹಿಂದೆಯೇ ಇದ್ದೆ. ಅವಳ ಬೆನ್ನು ನೋಡಿದ್ದೇನೆ, ಮುಖ ನೋಡಲಿಲ್ಲ. ಆರು ತಿಂಗಳಿನ ಹೆಣ್ಣು ಕೂಸು, ಹಣೆಯಲ್ಲಿ ದೊಡ್ಡ ಕಾಡಿಗೆ ಬೊಟ್ಟು.

ಆಟ ಬಿಟ್ಟಿತು. ಹೆಂಗಸರೆಲ್ಲ ಹೊರಗೆ ಬಂದರು. ಗೇಟಕ್ಕ ಕೂಸನ್ನು ಹೆಗಲ ಮೇಲಿಟ್ಟುಕೊಂಡು ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಿದ್ದರು. ಓಣಿ ಖಾಲಿಯಾಯಿತು.

"ಟೀಚರಮ್ಮ, ಇವ್ರವ್ವ ಒಳಗೇ ನಿದ್ದೆ ಹೋಗ್ಯಾಳೇನೋ, ನೋಡಿ ಬರ್ರಿ" ಅಂದರು.

ನಾನು ಹೋಗಿ ನೋಡಿದೆ. ಸಾಲುಗಳ ನಡುವೆ ಶೇಂಗಾ ಸಿಪ್ಪೆ, ಮಂಡಕ್ಕಿ ಪೊಟ್ಟಣ. ಆಚೆಯ ಗಂಡಸರ ಬಾಗಿಲು ತೆರೆದೇ ಇತ್ತು. ಹಿಂದಕ್ಕೆ ಬಂದು ಯಾರೂ ಇಲ್ಲವೆಂದೆ. ಗೇಟಕ್ಕ ಚೀಲ ಬಿಚ್ಚಿದರು. ಹಾಲಿನ ಬಾಟಲಿ, ಅದರ ಕೆಳಗೆ ಒಗೆದು ಮಡಿಸಿದ ಎಂಟು ಜೊತೆ ಬಟ್ಟೆ, ಒಂದು ಕುಲಾವಿ, ಕಾಡಿಗೆ ಡಬ್ಬಿ. ಒಂದು ಮಧ್ಯಾಹ್ನದ ಸಿನಿಮಾಕ್ಕೆ ಯಾರೂ ಅಷ್ಟು ಬಟ್ಟೆ ತರುವುದಿಲ್ಲ. ಗೇಟಕ್ಕ ಬಟ್ಟೆಗಳನ್ನು ನೋಡಿ, ಮತ್ತೆ ಹಾಗೇ ಮಡಿಸಿಟ್ಟು, "ಬರ್ತಾಳೆ ಬಿಡ್ರಿ" ಅಂದರು.

ಪೊಲೀಸರು ಬಂದು ಬರೆದುಕೊಂಡು ಹೋದರು. ಆಗ ಈಗಿನಷ್ಟು ಬಿಗಿ ಇರಲಿಲ್ಲ. ತಾಯಿ ಸಿಗುವವರೆಗೆ ಈಕೆಯ ಹತ್ತಿರವೇ ಇರಲಿ, ಕೂಸು ಸುಮ್ಮನಿದೆಯಲ್ಲ ಅಂದರು. ಕೂಸು ಹತ್ತೊಂಬತ್ತು ದಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿತ್ತು.

ಆ ಹತ್ತೊಂಬತ್ತು ದಿನ ನಾನು ಶಾಲೆಯಿಂದ ಬರುವಾಗಲೆಲ್ಲ ಆ ಓಣಿಯಲ್ಲೇ ಬಂದೆ. ಮೆಟ್ಟಿಲಿನ ಕಬ್ಬಿಣದ ಸರಳಿಗೆ ಸೀರೆ ಕಟ್ಟಿ ಜೋಲಿ ಮಾಡಿದ್ದರು. ಸಿನಿಮಾ ಓಡಿಸುವ ಆಪರೇಟರು ಬೆಳಿಗ್ಗೆ ಹಾಲು ತಂದುಕೊಡುತ್ತಿದ್ದರು. ಮೇಲಿನಿಂದ ಜನ ಇಳಿಯುವ ಸದ್ದಿಗೆ ಕೂಸು ಬೆಚ್ಚುತ್ತದೆಂದು ಗೇಟಕ್ಕ ಪ್ರತಿ ಆಟದ ಕೊನೆಗೆ ಓಡಿ ಬಂದು ಎರಡೂ ಅಂಗೈಯಿಂದ ಅದರ ಕಿವಿ ಮುಚ್ಚುತ್ತಿದ್ದರು. ಏನು ಹೆಸರಿಟ್ಟಿರಿ ಎಂದು ಕೇಳಿದೆ. "ಅವ್ರವ್ವ ಇಟ್ಟಿರ್ತಾಳೆ. ನಾನ್ಯಾಕೆ ಇನ್ನೊಂದು ಇಡ್ಲಿ" ಎಂದರು. ಮೊದಲ ವಾರ ಪ್ರತಿ ಆಟಕ್ಕೂ ಬಂದವರ ಮುಖ ಹುಡುಕುತ್ತಿದ್ದರು. ಎರಡನೆಯ ವಾರ ಹುಡುಕುವುದನ್ನು ಬಿಟ್ಟರು. ಯಾರಾದರೂ ಕೂಸನ್ನು ದಿಟ್ಟಿಸಿ ನೋಡಿದರೆ ಸೆರಗು ಮರೆ ಮಾಡುತ್ತಿದ್ದರು.

ಹದಿನಾಲ್ಕನೆಯ ದಿನವೋ ಹದಿನೈದನೆಯ ದಿನವೋ ನಮ್ಮ ಮನೆಗೇ ಬಂದರು, ಕೂಸನ್ನು ಎತ್ತಿಕೊಂಡು. ಅಷ್ಟು ವರ್ಷದಲ್ಲಿ ಅವರು ನಮ್ಮ ಮನೆಗೆ ಬಂದದ್ದು ಅದೊಂದೇ ಸಲ. ಕುಂತ್ಕಳ್ರಿ ಅಂದರೂ ಕೂರದೆ ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಕೂಸುಗಳ್ನ ಇಟ್ಕಳಾ ಕಡೆಗೆ ಕಳಿಸ್ತಾರಂತೆ ಟೀಚರಮ್ಮ. ಒಂದು ಅರ್ಜಿ ಬರ್ದು ಕೊಡ್ರಿ. ನಾನೇ ಸಾಕ್ತೀನಿ ಅಂತ. ನನ್ಗೆ ಕೆಲ್ಸ ಐತೆ, ಕೋಣೆ ಐತೆ, ಯಾವ ಚಟಾನೂ ಇಲ್ಲ ಅಂತ ಬರೀರಿ. ಕೂಸು ನನ್ ತಾವ ಅಳಲ್ಲ ಅಂತಾನೂ ಬರೀರಿ."

ಬರೆದೆ. ಅವರ ಹೆಸರು ಅವತ್ತೇ ಕೇಳಿದ್ದು. ಅವರು ಹೇಳಿದ ನಾಲ್ಕು ಮಾತನ್ನೂ ಸೇರಿಸಿ, ಅಳುವುದಿಲ್ಲ ಎಂಬುದನ್ನೂ ಸೇರಿಸಿ, ಓದಿ ಹೇಳಿದೆ. ಹೆಬ್ಬೆಟ್ಟು ಒತ್ತಿದರು. ಡಿ.ಸಿ. ಆಫೀಸು ಶಾಲೆಯ ದಾರಿಯಲ್ಲೇ ಇತ್ತು. ನಾನೇ ಕೊಟ್ಟು ಬರುತ್ತೇನೆ ಅಂದೆ.

ಕೊಡಲಿಲ್ಲ.

ಮರೆತೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಮರೆತಿರಲಿಲ್ಲ. ಆ ಕಾಗದ ನಾಲ್ಕು ದಿನ ನನ್ನ ಚೀಲದಲ್ಲಿತ್ತು, ದಿನಾ ಬೆಳಿಗ್ಗೆ ಆಫೀಸಿನ ಮುಂದೆ ಹಾದುಹೋಗುವಾಗ ಚೀಲದ ಮೇಲೆ ಕೈ ಹೋಗುತ್ತಿತ್ತು. ನನ್ನ ಯಜಮಾನರು, "ಯಾರ ಮಗುವೋ ಏನೋ, ನಾಳೆ ಏನಾದರೂ ಆದರೆ ಅರ್ಜಿ ಬರೆದವಳು ನೀನು" ಎಂದಿದ್ದರು. ಅದೂ ನಿಜವಾದ ಕಾರಣವಲ್ಲ. ಆ ಕೋಣೆಯನ್ನು ನಾನು ನೋಡಿದ್ದೆ. ಕುಡಿದು ಬಂದವರು ಗೋಡೆಗೆ ನಿಂತು ಉಚ್ಚೆ ಹೊಯ್ಯುವ ಓಣಿ, ಕಿಟಕಿಯಿಲ್ಲದ ಗೂಡು, ಓದು ಬಾರದ ಒಂಟಿ ಹೆಂಗಸು. ಆ ಹುಡುಗಿ ಅಲ್ಲಿ ಬೆಳೆದು ಏನಾಗಬೇಕು? ಸರ್ಕಾರದವರ ಕೈಯಲ್ಲಾದರೆ ಓದಿಸುತ್ತಾರೆ, ಒಳ್ಳೆಯ ಮನೆಯವರು ದತ್ತು ತೆಗೆದುಕೊಂಡಾರು. ಹೀಗೆಂದು ನಾನು ತೀರ್ಮಾನಿಸಿದೆ. ನನ್ನ ಮಗನನ್ನು ಆ ಹೆಂಗಸಿನ ಹೆಗಲ ಮೇಲೆ ಬಿಟ್ಟು ನಿಶ್ಚಿಂತೆಯಾಗಿ ಕೂತಿದ್ದವಳೇ ನಾನು.

ಹತ್ತೊಂಬತ್ತನೆಯ ದಿನ ಜೀಪು ಬಂತು. ನಾನು ಶಾಲೆಯಲ್ಲಿದ್ದೆ. ಆಪರೇಟರು ಆಮೇಲೆ ಹೇಳಿದರು: ಗೇಟಕ್ಕ ಅಳಲಿಲ್ಲವಂತೆ, ತಡೆಯಲೂ ಇಲ್ಲವಂತೆ. ಜೀಪಿನಲ್ಲಿ ಬಂದಿದ್ದ ಹೆಂಗಸಿಗೆ ಆ ಟ್ರುಟ್ರು ಸದ್ದು ಹೇಗೆ ಮಾಡುವುದೆಂದು ಕಲಿಸಲು ನೋಡಿದರಂತೆ. ಆಕೆಗೆ ಬರಲಿಲ್ಲವಂತೆ.

"ಅರ್ಜಿ ಏನಾತು ಟೀಚರಮ್ಮ?" ಎಂದು ಆ ಸಂಜೆ ಕೇಳಿದರು. "ಕೊಟ್ಟಿದ್ದೇನೆ, ನೋಡೋಣ" ಅಂದೆ. ಹದಿನೈದು ದಿನ ಬಿಟ್ಟು ಮತ್ತೆ ಕೇಳಿದರು. ಸರ್ಕಾರದ ಕೆಲಸ, ತಡ ಆಗುತ್ತದೆ ಅಂದೆ. ಮೂರನೆಯ ಸಲ ಕೇಳಿದಾಗ ಆ ಮುಖವನ್ನು ಇನ್ನೊಮ್ಮೆ ನೋಡಲಾಗದೆ, "ಒಂಟಿ ಹೆಂಗಸಿಗೆ ಕೊಡೋದಿಲ್ಲ ಅಂದರಂತೆ" ಎಂದುಬಿಟ್ಟೆ. ಅವರು ತಲೆ ಆಡಿಸಿದರು. "ಹೂಂ. ಅವ್ರೂ ಎಲ್ಲಾ ನೋಡ್ಬೇಕಲ್ಲ" ಅಂದರು. ಮತ್ತೆಂದೂ ಕೇಳಲಿಲ್ಲ.

ಆಮೇಲೂ ಅವರು ಕೂಸುಗಳನ್ನು ಎತ್ತಿಕೊಳ್ಳುವುದನ್ನು ಬಿಡಲಿಲ್ಲ. ಹೊರಗೆ ಮಾತ್ರ ತರುತ್ತಿರಲಿಲ್ಲ. ಬಾಗಿಲ ಒಳಗೇ ಪರದೆಗೆ ಬೆನ್ನು ಕೊಟ್ಟು, ಆ ಕೂಸಿನ ತಾಯಿ ಕೂತ ಸಾಲಿನ ಮೇಲೆ ಕಣ್ಣಿಟ್ಟು ನಿಲ್ಲುತ್ತಿದ್ದರು. ಪರದೆಯ ಬೆಳಕಿನಲ್ಲಿ ಎಲ್ಲರ ಮುಖವೂ ಕಾಣುತ್ತದೆ. ಎಲ್ಲರೂ ಆಚೆ ನೋಡುತ್ತಿರುವಾಗ ಒಬ್ಬರು ಮಾತ್ರ ಈಚೆ ನೋಡುತ್ತ ನಿಂತಿರುತ್ತಿದ್ದರು. ಒಂದೆರಡು ಸಲ ಆ ಕಣ್ಣು ನನ್ನ ಮೇಲೂ ಹಾದುಹೋಯಿತು. ನಾನು ಟಾಕೀಸಿಗೆ ಹೋಗುವುದನ್ನು ನಿಲ್ಲಿಸಿದೆ. ಮನೆಗೆ ಕಲರ್ ಟೀವಿ ಬಂತು, ನೆಪ ಸಿಕ್ಕಿತು.

ನನ್ನೊಬ್ಬಳಿಗೇ ಅಲ್ಲ. ಟಾಕೀಸನ್ನು ಮೊದಲು ಬಿಟ್ಟವರು ಹೆಂಗಸರು. ಧಾರಾವಾಹಿಗಳು ಸಂಜೆಗಳನ್ನು ತಿಂದವು, ಹೊಸ ಸಿನಿಮಾಗಳು ವರ್ಷದೊಳಗೆ ಮನೆಗೇ ಬಂದವು. ಮ್ಯಾಟ್ನಿಗೆ ಹತ್ತು ಹೆಂಗಸರು, ಆಮೇಲೆ ನಾಲ್ವರು, ಆಮೇಲೆ ಕಾಲೇಜು ತಪ್ಪಿಸಿ ಬರುವ ಜೋಡಿಗಳು. ಅವರಿಗೆ ಬೇರೆ ಬಾಗಿಲು ಬೇಕಿರಲಿಲ್ಲ. ಓಣಿಯ ಬಾಗಿಲಿಗೆ ಬೀಗ ಬಿತ್ತು. ಗೇಟಕ್ಕ ಕಸ ಗುಡಿಸುವ ಕೆಲಸಕ್ಕೆ ಉಳಿದರು. ತರಕಾರಿ ತರಲು ಹೋದಾಗ ಕಾಣುತ್ತಿದ್ದರು, ಬೀಗ ಹಾಕಿದ ಬಾಗಿಲ ಮುಂದೆ ಅದೇ ಸ್ಟೂಲಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಲೋ, ಸುಮ್ಮನೆಯೋ. ನಾನು ಕೈ ಎತ್ತಿ ಮುಂದೆ ಹೋಗುತ್ತಿದ್ದೆ. ಕೊರೊನಾ ಬಂದಾಗ ಮುಚ್ಚಿದ ಟಾಕೀಸು ಮತ್ತೆ ತೆರೆಯಲಿಲ್ಲ. ಅವರ ತಮ್ಮನ ಮಗ ಬಂದು ಹಟ್ಟಿಗೆ ಕರೆದುಕೊಂಡು ಹೋದನೆಂದು ಯಾರೋ ಹೇಳಿದರು. ಹೋಗುವಾಗ ನನ್ನನ್ನು ಕೇಳಿದ್ದರಂತೆ. ನಾನು ಆಗ ಮಗನ ಮನೆಯಲ್ಲಿದ್ದೆ.

ಈ ವರ್ಷದ ಶುರುವಿನಲ್ಲಿ ಟಾಕೀಸಿನ ಸುತ್ತ ತಗಡು ಕಟ್ಟಿ ಒಡೆಯತೊಡಗಿದರು. ಅಂಗಡಿ ಮಳಿಗೆಗಳು ಬರುತ್ತವಂತೆ. ಒಂದು ದಿನ ತಗಡಿನ ಸಂದಿಯಲ್ಲಿ ಇಣುಕಿದೆ. ಗೋಡೆಗಳು ಬಿದ್ದು, ಒಳಗಿನ ಇಳಿಜಾರು ನೆಲಕ್ಕೆ ಬಿಸಿಲು ಬಿದ್ದಿತ್ತು. ಬಾಲ್ಕನಿಯ ಮೆಟ್ಟಿಲು ಮಾತ್ರ ಮೇಲೇನೂ ಇಲ್ಲದೆ ನಿಂತಿತ್ತು. ನನ್ನ ಯಜಮಾನರು ತೀರಿಕೊಂಡು ಎರಡು ವರ್ಷವಾಗಿದೆ, ನಾನು ಯಾರಿಗೂ ಹೇಳಿ ಹೋಗಬೇಕಾದ್ದಿಲ್ಲ. ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದೆ. ಹೊಳಲ್ಕೆರೆ, ಹೊಸದುರ್ಗ, ಅಲ್ಲಿಂದ ಮತ್ತೋಡಿನ ದಾರಿಯಲ್ಲಿ ಇನ್ನೊಂದು ಬಸ್ಸು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು.

ಮನೆಯವರೆಲ್ಲ ಹೊಲಕ್ಕೆ, ಕುರಿಯ ಹಿಂದೆ ಹೋಗಿದ್ದರು. ಗೇಟಕ್ಕ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಹಳ ಸಣ್ಣಗಾಗಿದ್ದರು. ಕಣ್ಣು ಮಬ್ಬಾಗಿತ್ತು, ಆದರೆ ದನಿ ಕೇಳಿದ ತಕ್ಷಣ, "ಟೀಚರಮ್ಮ ಅಲ್ವೇನ್ರಿ. ಬರ್ರಿ, ಕುಂತ್ಕಳ್ರಿ" ಎಂದು ಕಂಬಳಿ ಎಳೆದು ಹಾಸಿದರು. ನನ್ನ ಮಗನ ಹಲ್ಲಿನ ವಿಚಾರ ಕೇಳಿದರು. ಅವನಿಗೀಗ ತಲೆಗೂದಲು ಉದುರಿದೆ ಎಂದೆ. ನಕ್ಕರು.

"ಟಾಕೀಸು ಒಡೀತಾ ಇದಾರೆ" ಅಂದೆ.

"ಹೂಂ, ನಮ್ಮ ಹುಡುಗ ಅಂದ. ಇಲ್ಲಿ ಬಾಳ ಸುಮ್ಮನೈತೆ ಟೀಚರಮ್ಮ. ಬೆಳಗಾದ್ರೆ ಎಲ್ಲಾರೂ ಹೋಗ್ತಾರೆ. ನಾಯೀನೂ ಅವ್ರ ಹಿಂದೇನೆ ಹೋಗ್ತತೆ" ಅಂದರು.

ಚೀಟಿಯಲ್ಲಿ ನನ್ನ ನಂಬರು ಬರೆದುಕೊಟ್ಟೆ. ಬೇಕಾದರೆ ಯಾರ ಕೈಲಾದರೂ ಫೋನ್ ಮಾಡಿಸಿ ಅಂದೆ. ಅದನ್ನು ಹೇಳುವುದಕ್ಕೆ ನಾನು ಬಂದಿರಲಿಲ್ಲ. ನೀರು ಕೊಟ್ಟರು, ಕುಡಿದೆ. ಆಮೇಲೆ ಹೇಳಿದೆ. ಸುತ್ತು ಬಳಸಲಿಲ್ಲ. ಆ ಅರ್ಜಿಯನ್ನು ನಾನು ಕೊಟ್ಟಿರಲಿಲ್ಲ, ನಾಲ್ಕು ದಿನ ಚೀಲದಲ್ಲಿಟ್ಟುಕೊಂಡು ಆಮೇಲೆ ಒಲೆಗೆ ಹಾಕಿದೆ, ಆಫೀಸಿನವರು ಇಲ್ಲ ಅಂದರು ಅನ್ನುವುದು ನಾನು ಹುಟ್ಟಿಸಿದ ಮಾತು, ಅವರು ನಿಮ್ಮ ಹೆಸರನ್ನೇ ಕೇಳಿರಲಿಲ್ಲ ಎಂದೆ.

ಗೇಟಕ್ಕ ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡರು. ಅದನ್ನು ತಿರುಗಿಸುತ್ತ ಕೂತರು.

"ಯಾರೂ ನೋಡ್ಲೇ ಇಲ್ವಾ ಅದ್ನ?"

"ಇಲ್ಲ."

"ಈ ಹೆಂಗ್ಸಿಗೆ ಬ್ಯಾಡ ಅಂತ ಯಾರೂ ಅನ್ಲಿಲ್ವಾ?"

"ಇಲ್ಲ ಅಕ್ಕ. ನಾನೇ."

"ಕೊಟ್ಟಿದ್ರೆ, ಕೂಸ್ನ ಕೊಡ್ತಿದ್ರಾ?"

"ಗೊತ್ತಿಲ್ಲ."

ಅವರು ನನ್ನ ಕಡೆ ನೋಡಲಿಲ್ಲ. ಅಂಗಳದ ಆಚೆ ಖಾಲಿ ಕುರಿರೊಪ್ಪದ ಕಡೆ ನೋಡುತ್ತಿದ್ದರು.

"ಇಷ್ಟು ದಿನ ಆಫೀಸರ್ರು ನನ್ನ ಅಳದು ನೋಡಿ ಬ್ಯಾಡ ಅಂದ್ರು ಅಂತ ತಿಳ್ಕಂಡಿದ್ದೆ. ದಿನಾ ಅನ್ಕಂತಿದ್ದೆ, ನನ್ನಾಗೆ ಏನು ಕಮ್ಮಿ ಕಂಡ್ರೋ ಅಂತ." ಲೋಟವನ್ನು ಕೆಳಗಿಟ್ಟರು. "ಇನ್ಮ್ಯಾಲೆ, ಕೊಡ್ತಿದ್ರು ಅಂತ ಇಟ್ಕಂತೀನಿ."

ಕ್ಷಮಿಸಿ ಎಂದೆನೋ ಇಲ್ಲವೋ ನೆನಪಿಲ್ಲ. "ನೀವು ಹೊರಡ್ರಿ, ಬಸ್ಸು ತಪ್ತತೆ" ಅಂದರು.

ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ನಿಲ್ದಾಣವೆಂದರೆ ರಸ್ತೆಯಾಚೆಯ ಬೇವಿನ ಮರ, ಅದರ ಬುಡಕ್ಕೆ ಒಂದು ಕಲ್ಲು. ಅಲ್ಲಿಂದ ಅವರ ಜಗಲಿ ನೇರವಾಗಿ ಕಾಣುತ್ತಿತ್ತು. ನಾನು ಕಲ್ಲಿನ ಮೇಲೆ ಕೂತೆ. ಅವರು ಅಲ್ಲೇ ಗೋಡೆಗೆ ಒರಗಿ ಕೂತಿದ್ದರು. ನಡುವೆ ನೂರು ಹೆಜ್ಜೆಯೂ ಇರಲಿಲ್ಲ. ಅಷ್ಟು ದೂರಕ್ಕೆ ಅವರ ಕಣ್ಣು ಹೋಗುತ್ತಿತ್ತೋ ಇಲ್ಲವೋ, ಒಂದು ಸಲವೂ ಈ ಕಡೆ ತಿರುಗಲಿಲ್ಲ. ಎದ್ದು ಅಲ್ಲಿಗೆ ಹೋಗಿ ಪಕ್ಕದಲ್ಲಿ ಕೂರಬಹುದಿತ್ತು. ಕೂರಲಿಲ್ಲ. ಬಿಸಿಲು ಜಗಲಿಯ ಅಂಚಿಗೆ ಬಂತು, ಆಮೇಲೆ ಅವರ ಪಾದದ ಮೇಲೆ ಬಂತು. ಅವರು ಕಾಲನ್ನು ಒಳಗೆ ಎಳೆದುಕೊಂಡರು. ಬಸ್ಸು ಬಂದು ನಡುವೆ ನಿಂತಾಗ ಜಗಲಿ ಮರೆಯಾಯಿತು, ನಾನು ಹತ್ತಿ ಆ ಕಡೆಯ ಕಿಟಕಿಯಲ್ಲಿ ಕೂರುವಷ್ಟರಲ್ಲಿ ಅವರು ಎದ್ದು ಒಳಗೆ ಹೋಗಿದ್ದರು.